ಆರು ವರ್ಷ ಹಿಂದಿನ ತಾರೀಖಿನ ಪದೋನ್ನತಿ: ಕೊಡಗಿನ ಒಂದು ಅಭಿನಂದನೆಯ ಪ್ರಕರಣ ಅಧ್ಯಯನ

ಕೊಡಗಿನ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಸಹ ಪ್ರಾಧ್ಯಾಪಕರಾಗಿದ್ದ ವಿದ್ವಾಂಸೆಯೊಬ್ಬರಿಗೆ 2024ರ ಆಗಸ್ಟ್ ತಿಂಗಳಲ್ಲಿ ಪ್ರಾಧ್ಯಾಪಕ ಹುದ್ದೆಗೆ ಪದೋನ್ನತಿ ನೀಡಿದ ಆದೇಶ ಬಂತು. ಆದೇಶ ಹೊರಟದ್ದು 2024ರಲ್ಲಿ. ಆದರೆ ಪದೋನ್ನತಿಯು 18-07-2018ರಿಂದ ಪೂರ್ವಾನ್ವಯವಾಗಿ ಜಾರಿಗೆ ಬರುತ್ತದೆಂದು ಅದರ ಎರಡನೆಯ ಕಂಡಿಕೆ ಹೇಳುತ್ತಿತ್ತು. ಕಾಗದದ ಲೆಕ್ಕದಲ್ಲಿ ಅವರು ಆರು ವರ್ಷಗಳಿಂದ ಪ್ರಾಧ್ಯಾಪಕರೇ ಆಗಿದ್ದರು. ಆದರೆ ಆ ಆರು ವರ್ಷವೂ ಅದು ಅವರಿಗೆ ಗೊತ್ತಿರಲಿಲ್ಲ, ಕಾಲೇಜಿಗೆ ಗೊತ್ತಿರಲಿಲ್ಲ, ವೇತನದ ಬಿಲ್ಲಿಗಂತೂ ಗೊತ್ತಿರಲಿಲ್ಲ. ನಿವೃತ್ತಿಗೆ ಎರಡು ವರ್ಷವೂ ಪೂರ್ತಿ ಉಳಿದಿರಲಿಲ್ಲ.

ಅಧ್ಯಾಪಕರ ಸಂಘ, ಹಳೆಯ ವಿದ್ಯಾರ್ಥಿಗಳ ಸಂಘ ಮತ್ತು ಕನ್ನಡ ವಿಭಾಗ ಸೇರಿ ಒಂದು ಅಭಿನಂದನಾ ಸಮಿತಿಯನ್ನು ಮಾಡಿಕೊಂಡವು. ಅರ್ಥಶಾಸ್ತ್ರ ವಿಭಾಗದವನಾದ ನನಗೆ ಆ ಸಮಿತಿಯ ನಡಾವಳಿ ಬರೆಯುವ ಕೆಲಸ ಬಂತು, ಮತ್ತು ಈ ಬರಹ ಬಹುಮಟ್ಟಿಗೆ ಆ ನಡಾವಳಿಯನ್ನು ಆಧರಿಸಿದೆ. ವ್ಯಕ್ತಿಗಳ ಮತ್ತು ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ. ಪದೋನ್ನತಿ ಪಡೆದವರನ್ನು ಕಾಲೇಜಿನಲ್ಲಿ ಎಲ್ಲರೂ ಕರೆಯುವಂತೆ ಇಲ್ಲಿಯೂ ಮೇಡಂ ಎಂದೇ ಕರೆಯುತ್ತೇನೆ. ಸಮಾರಂಭವೊಂದರ ಏರ್ಪಾಡಿನಲ್ಲಿ ಅಧ್ಯಯನ ಮಾಡುವಂಥದ್ದೇನಿದೆ ಎಂದು ಯಾರಾದರೂ ಕೇಳಬಹುದು. ತಡವಾಗಿ ಬಂದ ಪದೋನ್ನತಿಯನ್ನು ಆಚರಿಸಲು ಹೊರಟಾಗ, ಆಚರಿಸುತ್ತಿರುವುದು ಆದೇಶವನ್ನೋ, ಕಾದ ವರ್ಷಗಳನ್ನೋ, ಮಾಡಿದ ಕೆಲಸವನ್ನೋ ಎಂಬ ಪ್ರಶ್ನೆ ಸಮಿತಿಯ ಮೊದಲ ಸಭೆಯಲ್ಲೇ ಎದ್ದಿತು, ಮತ್ತು ಹಾಲ್ ಗೊತ್ತುಮಾಡುವುದರಿಂದ ಹಿಡಿದು ಆಹ್ವಾನ ಪತ್ರಿಕೆಯ ಕೊನೆಯ ಸಾಲಿನವರೆಗೆ ಪ್ರತಿಯೊಂದು ತೀರ್ಮಾನವೂ ಆ ಪ್ರಶ್ನೆಗೆ ಕೊಡುವ ಉತ್ತರವನ್ನೇ ಅವಲಂಬಿಸಿತ್ತು.

ಕೆಲಸದ ಸ್ವರೂಪ

ಮೇಡಂ ಅವರ ಪಿಎಚ್‌ಡಿ ಪ್ರಬಂಧ ಅರೆಭಾಷೆಯ ಸೋಬಾನೆ ಪದಗಳನ್ನು ಕುರಿತದ್ದು. ಅರೆಭಾಷೆ ಕೊಡಗಿನ ಗೌಡರ ಮನೆಮಾತು. ಘಟ್ಟದ ಕೆಳಗೆ ಸುಳ್ಯದ ಕಡೆಯೂ ಅದನ್ನಾಡುವವರಿದ್ದಾರೆ. ಕೊಡವ ಸಾಹಿತ್ಯ ಅಕಾಡೆಮಿ 1994ರಲ್ಲಿ ಸ್ಥಾಪನೆಯಾದರೆ ಅರೆಭಾಷೆಗೆ ಪ್ರತ್ಯೇಕ ಅಕಾಡೆಮಿ ಬಂದದ್ದು 2011ರಲ್ಲಿ. ಮೇಡಂ 2006ರಲ್ಲಿ ಪ್ರಬಂಧ ಸಲ್ಲಿಸಿದ್ದರು. ಆಗ ಅರೆಭಾಷೆಯಲ್ಲಿ ಸಂಶೋಧನೆಗೆ ಆಧಾರವಾಗಿ ಹಿಡಿಯಬಹುದಾದ ಮುದ್ರಿತ ಸಾಮಗ್ರಿಯೇ ಕಡಿಮೆ ಇತ್ತು. ಮದುವೆ ಮನೆಗಳಲ್ಲಿ ಹಾಡುವ ಅಜ್ಜಿಯಂದಿರನ್ನು ಹುಡುಕಿಕೊಂಡು ಹೋಗಿ, ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿ, ಒಂದೇ ಪದದ ಮೂರು ನಾಲ್ಕು ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಅವರ ವಿಧಾನ.

ಸೋಬಾನೆಯಿಂದ ಅವರು ನಾಟಿ ಹಾಡುಗಳಿಗೆ ಬಂದರು, ನಾಟಿ ಹಾಡುಗಳಿಂದ ಗದ್ದೆಗಳ ಹೆಸರಿಗೆ. ಕೊಡಗಿನಲ್ಲಿ ಗದ್ದೆಗೆ ಹೆಸರಿರುತ್ತದೆ. ಒಂದೇ ಮನೆತನದ ಹತ್ತು ಮಡಿಗೆ ಹತ್ತು ಹೆಸರಿರಬಹುದು, ಅದರಂತೆಯೇ ಬಾಣೆಗೆ (ಗದ್ದೆಗೆ ಹೊಂದಿಕೊಂಡ ಕಾಡುಜಮೀನಿಗೆ), ಓಣಿಗೆ, ಕೆರೆಯ ಮೂಲೆಗೆ, ದೇವರಕಾಡಿನ ಅಂಚಿಗೆ. ಪಹಣಿಯಲ್ಲಿ ಸರ್ವೆ ನಂಬರೂ ಹಿಸ್ಸೆಯೂ ಇರುತ್ತವೆ, ಈ ಹೆಸರುಗಳು ಇರುವುದಿಲ್ಲ. ನಾಟಿಯ ಕೂಲಿ ಹೆಚ್ಚಿ, ಕಾಡಾನೆಯ ಕಾಟ ಸೇರಿ, ಗದ್ದೆಗಳು ಪಾಳು ಬೀಳುತ್ತಲೋ ಶುಂಠಿಗೆ, ಅಡಿಕೆಗೆ ತಿರುಗುತ್ತಲೋ ಬಂದಂತೆ ಹೆಸರುಗಳನ್ನು ಬಳಸುವ ಸಂದರ್ಭವೇ ಇಲ್ಲವಾಗುತ್ತಿತ್ತು. ಮಕ್ಕಂದೂರು, ಕಾಲೂರು, ಹಟ್ಟಿಹೊಳೆಯ ಸುತ್ತಮುತ್ತ ಮೇಡಂ ಮನೆ ಮನೆಗೆ ಹೋಗಿ ಆ ಹೆಸರುಗಳನ್ನು ನೋಟ್‌ಬುಕ್ಕಿಗೆ ಬರೆದುಕೊಂಡು, ಪ್ರತಿ ಗ್ರಾಮಕ್ಕೂ ಕೈಯಲ್ಲೇ ಒಂದು ನಕ್ಷೆ ಬಿಡಿಸಿದ್ದರು.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದವು. ಮಕ್ಕಂದೂರು, ಹೆಮ್ಮೆತ್ತಾಳು, ಕಾಲೂರು, ಮೊಣ್ಣಂಗೇರಿ, ಜೋಡುಪಾಲ ಇತ್ಯಾದಿ ಕಡೆಗಳಲ್ಲಿ ತೋಟ, ಗದ್ದೆ, ಮನೆಗಳ ಮೇಲೆ ಮಣ್ಣು ಬಂತು, ಮಡಿಕೇರಿಯಿಂದ ಸಂಪಾಜೆ ಘಾಟಿಯಾಗಿ ಮಂಗಳೂರಿಗೆ ಹೋಗುವ ರಸ್ತೆ ಕಡಿದುಹೋಯಿತು, ಮನೆ ಕಳೆದುಕೊಂಡವರಲ್ಲಿ ಅನೇಕರಿಗೆ ಮುಂದೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಪುನರ್ವಸತಿ ಮನೆಗಳಾದವು. ಮೇಡಂ ಅವರ ನಕ್ಷೆಗಳಲ್ಲಿದ್ದ ಕೆಲವು ಗದ್ದೆಗಳು ಈಗ ಅಲ್ಲಿಲ್ಲ. ಹರಿಯುವ ತೋಡು ದಿಕ್ಕು ಬದಲಿಸಿದೆ. ಆ ಹೆಸರುಗಳು ಆ ಕ್ರಮದಲ್ಲಿ ಉಳಿದಿರುವುದು, ಹೇಳಿದವರ ನೆನಪಿನಲ್ಲಿ ಬಿಟ್ಟರೆ, ಆ ನೋಟ್‌ಬುಕ್ಕುಗಳಲ್ಲಿ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಕೊಡಗಿನ ವಿದ್ವತ್ತಿನ ಚರಿತ್ರೆಯಲ್ಲಿ ಪ್ರಾಧ್ಯಾಪಕ ಹುದ್ದೆಯ ಪಾತ್ರ ಬಹಳ ಇತ್ತೀಚಿನದು. 1867ರಲ್ಲಿ ಕೊಡವ ಭಾಷೆಯ ವ್ಯಾಕರಣ ಬರೆದ ಕೋಲ್ ಇಲ್ಲಿನ ಬ್ರಿಟಿಷ್ ಆಡಳಿತಾಧಿಕಾರಿ. 1870ರಲ್ಲಿ ಕೊಡಗಿನ ಕೈಪಿಡಿ ಪ್ರಕಟಿಸಿದ ರಿಕ್ಟರ್ ಪಾದ್ರಿ. 1924ರಲ್ಲಿ ‘ಪಟ್ಟೋಲೆ ಪಳಮೆ’ಯ ಮೂಲಕ ಕೊಡವ ಜನಪದ ಹಾಡುಗಳನ್ನು ಸಂಗ್ರಹಿಸಿ ಕೊಟ್ಟ ನಡಿಕೇರಿಯಂಡ ಚಿಣ್ಣಪ್ಪ ಪೊಲೀಸ್ ಇಲಾಖೆಯವರು. ಹುದ್ದೆಯಿಲ್ಲದೆಯೂ ಕೆಲಸ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ. ಆದರೆ ಇದೇ ವಾದವನ್ನು ಹಿಡಿದು, ಹುದ್ದೆ ಸಿಗದಿದ್ದರೇನಂತೆ, ಕೆಲಸ ಉಳಿಯುತ್ತದಲ್ಲ ಎಂದು ಮೇಡಂ ಅವರಿಗೆ ಸಮಾಧಾನ ಹೇಳುತ್ತಿದ್ದವರು ನಮ್ಮಲ್ಲಿ ಬಹಳ ಜನರಿದ್ದರು, ಮತ್ತು ಅದು ಸಮಾಧಾನದ ವೇಷ ತೊಟ್ಟ ಉದಾಸೀನವಾಗಿತ್ತು ಎಂದೇ ನನ್ನ ಅಭಿಪ್ರಾಯ. ಚಿಣ್ಣಪ್ಪನವರಿಗೆ ಯಾರೂ ಪ್ರಾಧ್ಯಾಪಕ ಹುದ್ದೆಯ ಅರ್ಜಿ ನಮೂನೆ ಕೊಟ್ಟು ಆರು ವರ್ಷ ಕಾಯಿಸಿರಲಿಲ್ಲ.

ವಿಳಂಬದ ಕಾರಣಗಳು

ವಿಳಂಬಕ್ಕೆ ಒಬ್ಬ ಖಳನಾಯಕನನ್ನು ಹುಡುಕುವವರಿಗೆ ಈ ಪ್ರಕರಣ ನಿರಾಸೆ ಮಾಡುತ್ತದೆ. ಮೊದಲ ಕಾರಣ ನಿಯಮದಲ್ಲೇ ಇತ್ತು. 2010ರ ಜೂನ್ 30ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿ ಪದವಿ ಕಾಲೇಜುಗಳಲ್ಲಿ ಪ್ರಾಧ್ಯಾಪಕ ಹುದ್ದೆಗಳನ್ನು ಸಹ ಪ್ರಾಧ್ಯಾಪಕ ಹುದ್ದೆಗಳ ಶೇ. 10ಕ್ಕೆ ಸೀಮಿತಗೊಳಿಸಿತ್ತು. ಹತ್ತು ಜನ ಸಹ ಪ್ರಾಧ್ಯಾಪಕರೂ ಇಲ್ಲದ ನಮ್ಮಂಥ ಕಾಲೇಜಿನಲ್ಲಿ ಆ ಶೇ. 10 ಎಂದರೆ ಒಂದು ಪೂರ್ಣ ಹುದ್ದೆಯೂ ಅಲ್ಲ. ಹೀಗಾಗಿ ಕೊಡಗಿನಂಥ ಜಿಲ್ಲೆಯ ಸಣ್ಣ ಕಾಲೇಜಿನ ಅಧ್ಯಾಪಕರು ಸಹ ಪ್ರಾಧ್ಯಾಪಕರಾಗಿಯೇ ನಿವೃತ್ತರಾಗುವುದು ರೂಢಿಯಾಗಿತ್ತು. 2018ರ ಜುಲೈ 18ರ ನಿಯಮಾವಳಿ ಈ ಕಟ್ಟನ್ನು ತೆಗೆದು, ಕಾಲೇಜು ಅಧ್ಯಾಪಕರೂ ವೃತ್ತಿ ಪದೋನ್ನತಿ ಯೋಜನೆಯಡಿ ಹದಿನಾಲ್ಕನೆಯ ವೇತನ ಹಂತದ ಪ್ರಾಧ್ಯಾಪಕರಾಗಬಹುದು ಎಂದಿತು. ಮೇಡಂ ಅವರ ಆದೇಶದಲ್ಲಿದ್ದ ತಾರೀಖು ಅದೇ. ಉಳಿದ ಅರ್ಹತೆಗಳು ಅವರಿಗೆ ಮೊದಲೇ ಇದ್ದುದರಿಂದ ನಿಯಮ ಜಾರಿಗೆ ಬಂದ ದಿನವೇ ಅವರು ಅರ್ಹರಾದರು. ಕನಿಷ್ಠ ಅರ್ಹತಾ ಅವಧಿ ಮುಗಿದೊಡನೆ ಅರ್ಜಿ ಹಾಕಿ ಯಶಸ್ವಿಯಾದವರಿಗೆ ಅರ್ಹತೆಯ ದಿನದಿಂದಲೇ ಪದೋನ್ನತಿ ಎಂದು ಅದೇ ನಿಯಮಾವಳಿ ಹೇಳುತ್ತದೆ.

ಅರ್ಹತೆಗಳೇನು ಎಂಬುದನ್ನು ವಿವರವಾಗಿ ನೋಡಬೇಕು, ಏಕೆಂದರೆ ಎರಡನೆಯ ಕಾರಣ ಅಲ್ಲಿದೆ. ಸಹ ಪ್ರಾಧ್ಯಾಪಕರಾಗಿ ಮೂರು ವರ್ಷ, ಪಿಎಚ್‌ಡಿ, ತಜ್ಞರಿಂದ ಪರಿಶೀಲಿತವಾದ ಅಥವಾ ಯುಜಿಸಿ ಪಟ್ಟಿಯಲ್ಲಿರುವ ನಿಯತಕಾಲಿಕೆಗಳಲ್ಲಿ ಕನಿಷ್ಠ 10 ಲೇಖನಗಳು, ಅವುಗಳಲ್ಲಿ ಮೂರು ಮೌಲ್ಯಮಾಪನದ ಅವಧಿಯವು, ಜೊತೆಗೆ ಕನಿಷ್ಠ 110 ಸಂಶೋಧನ ಅಂಕ. ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಒಂದು ಲೇಖನಕ್ಕೆ 10 ಅಂಕ, ರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 10, ಸಂಪಾದಿತ ಗ್ರಂಥದ ಅಧ್ಯಾಯಕ್ಕೆ 5. ಸ್ಮರಣ ಸಂಚಿಕೆಯ ಬರಹಕ್ಕಾಗಲಿ, ಮಡಿಕೇರಿ ಆಕಾಶವಾಣಿಯ ಭಾಷಣಕ್ಕಾಗಲಿ, ಊರಿನ ದೇವಸ್ಥಾನ ಸಮಿತಿ ಅಚ್ಚು ಹಾಕಿಸಿದ ಕಿರುಹೊತ್ತಗೆಗಾಗಲಿ ಅಲ್ಲಿ ಕಾಲಂ ಇಲ್ಲ. ಗದ್ದೆ ಹೆಸರುಗಳ ಕುರಿತ ಮೇಡಂ ಅವರ ಬರಹಗಳಲ್ಲಿ ಹೆಚ್ಚಿನವು ಇಂಥ ಕಡೆಗಳಲ್ಲೇ ಬಂದಿದ್ದವು. ಹೇಳಿದವರು ಓದಬೇಕಾದರೆ ಅಲ್ಲೇ ಬರೆಯಬೇಕು ಎಂಬುದು ಅವರ ನಿಲುವು. ಅಂಕದ ಪಟ್ಟಿಯಲ್ಲಿ ಆ ಇಡೀ ಭಾಗಕ್ಕೆ ಸೊನ್ನೆ. ಅವರಿಗೆ ಅಂಕ ತಂದುಕೊಟ್ಟದ್ದು ಪ್ರಬಂಧದಿಂದ ಕತ್ತರಿಸಿ ಬರೆದ, ಅವರೇ ಅಷ್ಟೊಂದು ಬೆಲೆ ಕೊಡದ ಲೇಖನಗಳು.

ಆ ಲೇಖನಗಳಿಗೂ ಆಕ್ಷೇಪಣೆ ಬಂತು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ನಿಯತಕಾಲಿಕೆಗಳನ್ನು ಕೈಬಿಟ್ಟಿತ್ತು. ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳು ಬೆಳೆದದ್ದರಿಂದ ಆ ಜರಡಿ ಬೇಕೇ ಇತ್ತು. ಆದರೆ ಆ ಗದ್ದಲದಲ್ಲಿ ಕಡತ ನೋಡುವವರಿಗೆ ಪಟ್ಟಿಯಲ್ಲಿಲ್ಲದ ಪ್ರತಿ ಪತ್ರಿಕೆಯೂ ಅನುಮಾನಾಸ್ಪದವಾಗಿ ಕಂಡಿತು. ಮೇಡಂ ಅವರ ನಾಲ್ಕು ಲೇಖನಗಳು ಪಟ್ಟಿಯಲ್ಲಿಲ್ಲದ, ಆದರೆ ದಶಕಗಳಿಂದ ವಿದ್ವಾಂಸರ ಪರಿಶೀಲನೆಯ ನಂತರವೇ ಲೇಖನ ಪ್ರಕಟಿಸುತ್ತಿದ್ದ ಕನ್ನಡ ಪತ್ರಿಕೆಗಳಲ್ಲಿದ್ದವು. ನಿಯಮದಲ್ಲಿ ‘ಅಥವಾ’ ಇದೆ. ಆಕ್ಷೇಪಣೆಯ ಜ್ಞಾಪನದಲ್ಲಿ ಅದನ್ನು ‘ಮತ್ತು’ ಎಂಬಂತೆ ಓದಲಾಗಿತ್ತು. ಆ ಪತ್ರಿಕೆಗಳ ಸಂಪಾದಕರಿಂದ ಪರಿಶೀಲನಾ ಪದ್ಧತಿಯ ದೃಢೀಕರಣ ತರಿಸಿ, ಮತ್ತೆ ಸಲ್ಲಿಸಿ, ಮತ್ತೊಮ್ಮೆ ಸ್ಪಷ್ಟೀಕರಣ ಕೊಟ್ಟು ಮುಗಿಯುವಷ್ಟರಲ್ಲಿ ಕೋವಿಡ್ ಬಂದು ಹೋಗಿತ್ತು. ಕೊನೆಗೆ 10 ಲೇಖನಗಳಿಗೆ 100, ಒಂದು ಸಂಪಾದಿತ ಕೃತಿಗೆ 8, ಎರಡು ಅಧ್ಯಾಯಗಳಿಗೆ 10, ಒಟ್ಟು 118 ಅಂಕಗಳು ಒಪ್ಪಿತವಾದವು.

ಮೂರನೆಯ ಕಾರಣ ಆಯ್ಕೆ ಸಮಿತಿ ಸೇರದಿದ್ದದ್ದು. ಒಬ್ಬೊಬ್ಬರಿಗಾಗಿ ಸಮಿತಿ ಕರೆಯುವುದಿಲ್ಲ, ಹಲವು ಅರ್ಜಿಗಳು ಕೂಡಿಕೊಳ್ಳಲಿ ಎಂದು ಕಾಯುವುದು ವಾಡಿಕೆ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ, ಪರಿಣಾಮ ಮಾತ್ರ ಕ್ರೂರವಾದದ್ದು. ಪದೋನ್ನತಿಗೆ ಪರಿಗಣಿಸುವ ದಿನದಂದು ಅಭ್ಯರ್ಥಿ ಸೇವೆಯಲ್ಲಿರಬೇಕೆಂದು ನಿಯಮಾವಳಿಯಲ್ಲಿದೆ. ಅರ್ಹತೆಯ ದಿನ ಎಷ್ಟೇ ಹಿಂದಿನದಾಗಿರಲಿ, ಸಮಿತಿ ಸೇರುವ ಮುನ್ನ ನಿವೃತ್ತರಾದವರಿಗೆ ಅದು ಇಲ್ಲ. ಮೇಡಂ ಅವರ ಜೊತೆಗೇ ಅರ್ಜಿ ಹಾಕಿದ್ದ ಚರಿತ್ರೆಯ ಸಹ ಪ್ರಾಧ್ಯಾಪಕರೊಬ್ಬರು 2022ರಲ್ಲಿ ನಿವೃತ್ತರಾದರು. ಸಮಿತಿ ಸೇರಿದ್ದು 2024ರಲ್ಲಿ. ಅವರ ಕಡತದಲ್ಲಿ ಆಕ್ಷೇಪಣೆಯೇ ಇರಲಿಲ್ಲ.

ಅಭಿನಂದನಾ ಸಮಿತಿಯ ಮುಂದಿದ್ದ ಗೊಂದಲ

ಮೊದಲ ಸಭೆಯಲ್ಲಿ ಬಂದ ಸಲಹೆಗಳು ಯಾವ ಊರಿನ ಯಾವ ಅಭಿನಂದನಾ ಸಮಿತಿಯಲ್ಲಾದರೂ ಬರುವಂಥವು: ಮಡಿಕೇರಿಯಲ್ಲಿ ದೊಡ್ಡ ಸಭಾಂಗಣ, ಜನಪ್ರತಿನಿಧಿಗಳ ಉಪಸ್ಥಿತಿ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಸನ್ಮಾನ ಪತ್ರ, ಸಾಧ್ಯವಾದರೆ ಒಂದು ಅಭಿನಂದನ ಗ್ರಂಥ. ಊರಿನಲ್ಲಿ ಇನ್ನೊಂದು ತೊಡಕಿತ್ತು. ಕಾಲೇಜಿನಲ್ಲಿ ಪಾಠ ಮಾಡುವವರೆಲ್ಲರ ಹೆಸರಿನ ಹಿಂದೆಯೂ ‘ಪ್ರೊ.’ ಎಂದು ಅಚ್ಚು ಹಾಕುವುದು ನಮ್ಮ ಆಹ್ವಾನ ಪತ್ರಿಕೆಗಳ ಹಳೆಯ ಉದಾರತೆ. ಮೇಡಂ ಅವರಿಗೂ ಅದು ಇಪ್ಪತ್ತು ವರ್ಷಗಳಿಂದ ಅಂಟಿಕೊಂಡಿತ್ತು. ಹಾಗಾಗಿ ದೇಣಿಗೆ ಕೇಳಲು ಹೋದ ಹಳೆಯ ವಿದ್ಯಾರ್ಥಿಗಳಿಗೆ, ಮೇಡಂ ಮೊದಲೇ ಪ್ರೊಫೆಸರ್ ಅಲ್ಲವಾ, ಈಗೇನು ಹೊಸದು ಎಂಬ ಪ್ರಶ್ನೆ ಎದುರಾಯಿತು. ಅದಕ್ಕೆ ಉತ್ತರ ಕೊಡಬೇಕಾದರೆ ಸಹ ಪ್ರಾಧ್ಯಾಪಕರ ಹದಿಮೂರು-ಎ ಹಂತದ ಆರಂಭಿಕ ಮೂಲವೇತನ 1,31,400 ರೂಪಾಯಿ, ಪ್ರಾಧ್ಯಾಪಕರ ಹದಿನಾಲ್ಕನೆಯ ಹಂತದ್ದು 1,44,200 ರೂಪಾಯಿ ಎಂಬಲ್ಲಿಂದ ಶುರುಮಾಡಬೇಕಾಗುತ್ತಿತ್ತು, ಅದು ಅಭಿನಂದನೆಗೆ ಹೇಳಿಮಾಡಿಸಿದ ಮಾತಲ್ಲ. ಹಿಂಬಾಕಿ ಒಟ್ಟಿಗೆ ಕೈಗೆ ಬಂದ ವರ್ಷ ತೆರಿಗೆಯೂ ಒಟ್ಟಿಗೆ ಬೀಳುತ್ತದೆ, ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 89ರ ರಿಯಾಯಿತಿಗೆ ಫಾರಂ 10ಇ ಸಲ್ಲಿಸಬೇಕು ಎಂಬ ವಾಣಿಜ್ಯ ವಿಭಾಗದವರ ಸಲಹೆ ಮಾತ್ರ ಆ ಸಭೆಯಲ್ಲಿ ಮೇಡಂ ಅವರಿಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದೆಂದು ನಡಾವಳಿ ಬರೆದವನಾಗಿ ನಾನು ದಾಖಲಿಸಬೇಕು.

ಮೇಡಂ ಸಮಾರಂಭ ಬೇಡ ಎನ್ನಲಿಲ್ಲ. ಬೇಡ ಎನ್ನುವುದೂ ಒಂದು ಬಗೆಯ ಪ್ರದರ್ಶನವಾಗುತ್ತದೆ ಎಂದು ಅವರಿಗೆ ಅನ್ನಿಸಿರಬಹುದು; ಅಥವಾ ಇಷ್ಟು ವರ್ಷ ಜೊತೆಗಿದ್ದವರ ಸಂತೋಷವನ್ನು ತಡೆಯುವುದು ಅವರಿಗೆ ಇಷ್ಟವಿರಲಿಲ್ಲ. ಅವರು ಹಾಕಿದ್ದು ಮೂರು ಷರತ್ತು. ಪೇಟ ಮತ್ತು ಫ್ಲೆಕ್ಸ್ ಬೇಡ. ಹಾಡಿದವರನ್ನು, ಹೆಸರು ಹೇಳಿದವರನ್ನು ಕರೆಯಬೇಕು, ಅವರ ಹೋಗಿಬರುವ ಖರ್ಚನ್ನು ಸಮಿತಿ ಕೊಡಬೇಕು. ಚರಿತ್ರೆಯ ನಿವೃತ್ತ ಸಹೋದ್ಯೋಗಿಯವರೇ ಅಧ್ಯಕ್ಷತೆ ವಹಿಸಬೇಕು.

ಮೂರನೆಯದು ಸಮಿತಿಯನ್ನು ಎರಡು ಪಾಲು ಮಾಡಿತು. ಸಿಗಬೇಕಾದದ್ದು ಸಿಗದೇ ಹೋದವರನ್ನು, ಸಿಕ್ಕವರ ಅಭಿನಂದನೆಗೆ ಅಧ್ಯಕ್ಷರಾಗಿ ಕೂರಿಸುವುದು ಗಾಯಕ್ಕೆ ಉಪ್ಪು ಸವರಿದಂತೆ ಎಂದು ಕೆಲವರು ವಾದಿಸಿದರು. ಅವರನ್ನು ಕರೆಯದೇ ಇದ್ದರೆ ಆ ಅನ್ಯಾಯವನ್ನು ನಾವೂ ಸೇರಿ ಮುಚ್ಚಿಟ್ಟಂತೆ ಎಂದು ಉಳಿದವರು. ನಾನು ಮೊದಲ ಪಕ್ಷದಲ್ಲಿದ್ದೆ, ಮತ್ತು ಆ ವಾದದಲ್ಲಿ ಹುರುಳಿತ್ತೆಂದು ಈಗಲೂ ಹೇಳುತ್ತೇನೆ. ಆದರೆ ಅದನ್ನು ತೀರ್ಮಾನಿಸಬೇಕಾದವರು ನಾವಲ್ಲ, ಅವರೇ. ಕನ್ನಡ ವಿಭಾಗದ ಕಿರಿಯ ಅಧ್ಯಾಪಕರೊಬ್ಬರು ಅವರ ಮನೆಗೆ ಹೋಗಿ ವಿಷಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದಾಗ ಅವರು ಒಪ್ಪಿದರು. ಆಹ್ವಾನ ಪತ್ರಿಕೆಯಲ್ಲಿ ತಮ್ಮ ಹೆಸರಿನ ಹಿಂದೆ ‘ಪ್ರೊ.’ ಹಾಕಬಾರದು, ಕೆಳಗೆ ‘ನಿವೃತ್ತ ಸಹ ಪ್ರಾಧ್ಯಾಪಕರು’ ಎಂದು ಇರಲೇಬೇಕು ಎಂಬುದು ಅವರ ಒಂದೇ ಬೇಡಿಕೆ. ಹೀಗೆ ನಮ್ಮ ಕಾಲೇಜಿನ ಚರಿತ್ರೆಯಲ್ಲಿ ಪದನಾಮಗಳೆಲ್ಲ ಸರಿಯಾಗಿ ಅಚ್ಚಾದ ಮೊದಲ ಆಹ್ವಾನ ಪತ್ರಿಕೆ ಸಿದ್ಧವಾಯಿತು.

ಸನ್ಮಾನ ಪತ್ರದ ಕರಡಿನ ಬಗ್ಗೆಯೂ ಚರ್ಚೆ ನಡೆಯಿತು. ‘ತಡವಾಗಿಯಾದರೂ ಸಂದ ಗೌರವ’ ಎಂಬ ಸಾಲನ್ನು ಹಾಕಬೇಕೆ? ಹಾಕಿದರೆ ವಿಳಂಬ ಮಾಡಿದ ಕಚೇರಿಗಳ ಮೇಲೆ ದೂರಾಗುತ್ತದೆ, ಮುಂದಿನ ಅರ್ಜಿದಾರರಿಗೆ ತೊಂದರೆಯಾದೀತು ಎಂಬ ಅಂಜಿಕೆ ಪ್ರಾಂಶುಪಾಲರದು. ಕೊನೆಗೆ ವಿಶೇಷಣಗಳನ್ನೆಲ್ಲ ಬಿಟ್ಟು, ಅರ್ಹತೆಯ ತಾರೀಖನ್ನೂ ಆದೇಶದ ತಾರೀಖನ್ನೂ ಅಂಕಿಗಳಲ್ಲಿ ಅಕ್ಕಪಕ್ಕ ಬರೆಯಲಾಯಿತು. ದೂರು ಎಂದು ಅದನ್ನು ಯಾರೂ ಎತ್ತಿ ತೋರಿಸಲಾರರು, ಓದಿದವರಿಗೆ ಅರ್ಥವಾಗದೇ ಇರುವುದೂ ಇಲ್ಲ.

ಅಭಿನಂದನ ಗ್ರಂಥದ ಯೋಜನೆ ಅಲ್ಲೇ ಬಿದ್ದುಹೋಯಿತು. ಹತ್ತಾರು ಜನರಿಂದ ಅವಸರದಲ್ಲಿ ಬರೆಸಿದ ಹೊಗಳಿಕೆಯ ಸಂಪುಟಗಳು ಗ್ರಂಥಾಲಯದ ಯಾವ ಕಪಾಟಿನಲ್ಲಿ ಹೇಗೆ ಮಲಗಿರುತ್ತವೆಂದು ನಮ್ಮ ಗ್ರಂಥಪಾಲಕರು ವಿವರಿಸಿದ ನಂತರ ಯಾರೂ ಒತ್ತಾಯಿಸಲಿಲ್ಲ. ಆ ಹಣದಲ್ಲಿ ಮಕ್ಕಂದೂರು ಕಡೆಯ ಗದ್ದೆ ಹೆಸರುಗಳ ಒಂದು ಪಟ್ಟಿಯನ್ನು, ಮೇಡಂ ಬಿಡಿಸಿದ ನಕ್ಷೆಗಳ ಸಮೇತ, ಕರಡು ರೂಪದಲ್ಲಿ ಅಚ್ಚು ಹಾಕಿಸಿ ಸಭೆಗೆ ಬಂದವರ ಕೈಗೆ ಕೊಡುವುದೆಂದು ತೀರ್ಮಾನವಾಯಿತು. ಕರಡು ಎಂಬುದು ಮೇಡಂ ಅವರ ಒತ್ತಾಯ. ಪ್ರತಿ ಪುಟದ ಬಲಬದಿಯಲ್ಲಿ ತಿದ್ದುಪಡಿಗೆ ಜಾಗ ಬಿಡಲಾಗಿತ್ತು.

ದಿನ ಗೊತ್ತುಮಾಡುವುದು ಸುಲಭವಿರಲಿಲ್ಲ. ಮಳೆಗಾಲ ಮುಗಿಯಬೇಕು, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಜಾತ್ರೆ, ನವೆಂಬರ್ ತುಂಬ ರಾಜ್ಯೋತ್ಸವದ ಕಾರ್ಯಕ್ರಮಗಳು, ಡಿಸೆಂಬರ್‌ನಲ್ಲಿ ಸುಗ್ಗಿಹಬ್ಬ ಪುತ್ತರಿ, ಅದಾದ ಮೇಲೆ ಕಾಫಿ ಕೊಯ್ಲು ಬಿರುಸಾಗಿ, ಹಾಡುವ ಹೆಂಗಸರಿಗೆ ಕೆಲಸ ಬಿಟ್ಟು ಬರಲಾಗದು. ನವೆಂಬರ್ ಕೊನೆಯ ಶನಿವಾರವನ್ನು ಆರಿಸಿದ್ದು ಅವರನ್ನು ಕೇಳಿಯೇ ಹೊರತು ಗಣ್ಯರನ್ನು ಕೇಳಿ ಅಲ್ಲ. ಇದರಿಂದ ಆದ ಲಾಭವೆಂದರೆ, ಗಣ್ಯರಲ್ಲಿ ಇಬ್ಬರಿಗೆ ಆ ದಿನ ಬೇರೆ ಕಾರ್ಯಕ್ರಮವಿತ್ತು.

ಸಮಾರಂಭದ ದಿನ

ಕಾಲೇಜಿನ ಸಭಾಂಗಣದಲ್ಲೇ ಸಭೆ ನಡೆಯಿತು. ವಾಲಗ ಇತ್ತು, ಕಾವೇರಿ ಮಾತೆಯ ಪ್ರಾರ್ಥನೆ ಇತ್ತು, ಶಾಲು ಇತ್ತು, ಒಂದಷ್ಟು ಭಾಷಣಗಳೂ ಇದ್ದವು. ಅವುಗಳ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಸನ್ಮಾನದ ಸರದಿಯಲ್ಲಿ ಮೇಡಂ ಅವರ ಕೋರಿಕೆಯಂತೆ ಕಾಲೇಜು ಕಚೇರಿಯ ಅಧೀಕ್ಷಕರಿಗೂ ಶಾಲು ಹೊದಿಸಲಾಯಿತು. ಆರು ವರ್ಷವೂ ಸೇವಾ ಪುಸ್ತಕದ ನಮೂದುಗಳನ್ನು ಹೊಂದಿಸಿ, ಬಂದ ಪ್ರತಿ ಜ್ಞಾಪನಕ್ಕೂ ವಾರದೊಳಗೆ ಉತ್ತರ ಹೋಗುವಂತೆ ನೋಡಿಕೊಂಡವರು ಅವರು. ಅಧ್ಯಕ್ಷರು ತಮ್ಮ ಮಾತಿನಲ್ಲಿ ತಮ್ಮ ಅರ್ಜಿಯ ವಿಷಯ ಎತ್ತಲಿಲ್ಲ. 1886ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಕೊಡಗಿನ ಶಾಸನಗಳ ಸಂಪುಟದಿಂದ ಆರಂಭಿಸಿ, ಶಾಸನಗಳು ದಾನ ಕೊಟ್ಟ ಭೂಮಿಯ ಎಲ್ಲೆಗಳನ್ನು ಹೇಗೆ ಹೇಳುತ್ತವೆ, ಮರ, ಕಲ್ಲು, ಹಳ್ಳಗಳನ್ನು ಗುರುತಾಗಿ ಹೇಗೆ ಬಳಸುತ್ತವೆ ಎಂಬುದನ್ನು ವಿವರಿಸಿ, ಮೇಡಂ ಅವರ ಪಟ್ಟಿಯನ್ನು ಆ ಸಾಲಿನಲ್ಲಿಟ್ಟು ನೋಡಿದರು. ಅಂದಿನ ಭಾಷಣಗಳಲ್ಲಿ ಮೇಡಂ ಅವರ ಕೆಲಸವನ್ನು ಓದಿಕೊಂಡು ಬಂದು ಮಾಡಿದ್ದು ಅದೊಂದೇ.

ಊಟಕ್ಕೆ ಕಡಂಬುಟ್ಟು, ಪಂದಿ ಕರಿ, ಮಾಂಸ ತಿನ್ನದವರಿಗೆ ಕುಂಬಳಕಾಯಿ ಕರಿ. ಊಟದ ನಂತರದ ಗೋಷ್ಠಿಗೆ ಮುಕ್ಕಾಲು ಗಂಟೆ ಇಟ್ಟುಕೊಂಡಿದ್ದೆವು, ಅದು ಕತ್ತಲಾಗುವವರೆಗೆ ನಡೆಯಿತು. ಜಂಬೂರಿನಿಂದಲೂ ಕರ್ಣಂಗೇರಿಯಿಂದಲೂ ಬಂದವರು ಕರಡು ಪಟ್ಟಿಯನ್ನು ಹಿಡಿದು ಗುಂಪು ಗುಂಪಾಗಿ ಕುಳಿತರು. ಓದು ಬಾರದವರಿಗೆ ಮೊಮ್ಮಕ್ಕಳು ಓದಿ ಹೇಳಿದರು. ಒಂದು ಗ್ರಾಮದ ನಕ್ಷೆಯಲ್ಲಿ ತೋಡಿನ ಎಡಬದಿಯ ಎರಡು ಗದ್ದೆಗಳು ಅದಲುಬದಲಾಗಿವೆ ಎಂದು ಎಂಬತ್ತು ದಾಟಿದ ಒಬ್ಬ ಅಜ್ಜಿ ಹೇಳಿದರು. ಮೇಡಂ ತಮ್ಮ ಮೂಲ ನೋಟ್‌ಬುಕ್ಕು ತೆಗೆದು ನೋಡಿದಾಗ ಅಲ್ಲಿಯೂ ಅಚ್ಚಾದಂತೆಯೇ ಇತ್ತು. ಆ ಗದ್ದೆಗಳು ಈಗ ಮಣ್ಣಿನಡಿ ಇರುವುದರಿಂದ ಹೋಗಿ ನೋಡುವಂತಿಲ್ಲ. ಅಜ್ಜಿ ವಾದಕ್ಕಿಳಿಯಲಿಲ್ಲ, ಆ ಕಡೆಯ ನಾಟಿ ಹಾಡನ್ನು ಹಾಡತೊಡಗಿದರು. ಆ ಹಾಡಿನಲ್ಲಿ ಗದ್ದೆಗಳು ನೀರು ಹರಿಯುವ ಕ್ರಮದಲ್ಲಿ, ಮೇಲಿನ ಮಡಿಯಿಂದ ಕೆಳಗಿನ ಮಡಿಗೆ, ಒಂದಾದ ಮೇಲೊಂದರಂತೆ ಬರುತ್ತವೆ. ಸುತ್ತ ಕುಳಿತ ನಾಲ್ಕೈದು ಹೆಂಗಸರು ದನಿಗೂಡಿಸಿದಾಗ ಅವರೆಲ್ಲರ ಬಾಯಲ್ಲೂ ಕ್ರಮ ಅಜ್ಜಿ ಹೇಳಿದ್ದೇ ಆಗಿತ್ತು. ಮೇಡಂ ಅದೇ ಹಾಡನ್ನು ಹಿಂದೆ ಧ್ವನಿಮುದ್ರಿಸಿಕೊಂಡಿದ್ದರು; ಹಾಡಿನ ಸಾಲುಗಳ ಕ್ರಮ ನಕ್ಷೆಯ ಕ್ರಮಕ್ಕೆ ಪುರಾವೆಯಾಗಬಲ್ಲದೆಂದು ಮಾತ್ರ ಆಗ ಹೊಳೆದಿರಲಿಲ್ಲವೆಂದು ಸಭೆಯಲ್ಲೇ ಹೇಳಿ, ಬಲಬದಿಯ ಖಾಲಿ ಜಾಗದಲ್ಲಿ ತಿದ್ದುಪಡಿ ಬರೆದುಕೊಂಡು, ಅದರ ಪಕ್ಕದಲ್ಲಿ ಅಜ್ಜಿಯ ಹೆಸರು ಬರೆದರು. ಬೇರೆ ಹಾಡುಗಳಲ್ಲಿಯೂ ಈ ಕ್ರಮ ಇದೆಯೇ ಎಂಬ ಹೊಸ ಪ್ರಶ್ನೆಯೊಂದಿಗೆ ಗೋಷ್ಠಿ ಮುಂದುವರಿಯಿತು.

ಆಯ್ಕೆ ಸಮಿತಿಯ ಸಂದರ್ಶನದಲ್ಲಿ ಈ ಕೆಲಸದ ಬಗ್ಗೆ ಪ್ರಶ್ನೆ ಬರಲಿಲ್ಲವೆಂದು ಮೇಡಂ ಹಿಂದೆ ಹೇಳಿದ್ದರು. ಅದು ತಜ್ಞರ ತಪ್ಪಲ್ಲ, ಅವರ ಮುಂದಿದ್ದ ನಮೂನೆಯಲ್ಲಿ ಆ ಕೆಲಸವೇ ಇರಲಿಲ್ಲ. 118 ಅಂಕಗಳ ಹಿಂದೆ ಏನಿದೆಯೆಂದು ಬಲ್ಲವರು ಪರೀಕ್ಷಿಸಿದ್ದು ಆ ಮಧ್ಯಾಹ್ನವೇ, ಮತ್ತು ಒಂದು ಕಡೆ ತಪ್ಪು ಹಿಡಿದೂ ಕೊಟ್ಟರು. ನನ್ನ ಎಣಿಕೆಯಲ್ಲಿ ಸಮಾರಂಭದ ಇಡೀ ಖರ್ಚು ಅಲ್ಲಿಗೆ ಸಾರ್ಥಕವಾಯಿತು. ಬೆಳಗಿನ ಭಾಗವನ್ನು ಅರ್ಧಕ್ಕೆ ಇಳಿಸಿದ್ದರೆ ವಿದ್ಯಾರ್ಥಿಗಳ ಪ್ರಬಂಧ ಮಂಡನೆಗೂ ಸಮಯ ಸಿಗುತ್ತಿತ್ತು. ಮೂವರು ತಯಾರಾಗಿ ಬಂದಿದ್ದರು, ಒಬ್ಬರಿಗೂ ಅವಕಾಶವಾಗಲಿಲ್ಲ, ಆ ಬೇಸರ ಅವರಿಗೆ ಇನ್ನೂ ಇದೆ.

ನಂತರ

ತಿದ್ದಿದ ಪಟ್ಟಿ ಪುಸ್ತಕವಾಗಿ ಬರಲು ಸಿದ್ಧವಾಗುತ್ತಿದೆ. ಹೆಸರು ಹೇಳಿದವರು, ಹಾಡಿದವರು, ತಿದ್ದಿದವರು ಯಾರೆಂಬುದು ಪ್ರತಿ ಪುಟದಲ್ಲಿ ಇರುತ್ತದೆ. ಮಿಕ್ಕ ಹಣದಿಂದ ಕ್ಯಾಸೆಟ್ಟುಗಳನ್ನು ಗಣಕಕ್ಕೆ ಇಳಿಸುವ ಕೆಲಸ ಆರಂಭವಾಗಿದೆ. ಮಲೆನಾಡಿನ ತೇವದಲ್ಲಿ ಕೆಲವು ಟೇಪುಗಳಿಗೆ ಬೂಷ್ಟು ಹಿಡಿದಿದ್ದು, ಅವನ್ನು ಶುಚಿಗೊಳಿಸಬಲ್ಲವರು ಮೈಸೂರಿನಲ್ಲಿ ಸಿಕ್ಕಿದ್ದಾರೆ. ಮೇಡಂ ಅವರ ವೇತನ ನಿಗದಿ ಮುಗಿದಿದೆ.

ಚರಿತ್ರೆಯ ಅಧ್ಯಾಪಕರ ವಿಷಯ ಹಾಗೆಯೇ ಇದೆ. ಅರ್ಹತೆಯ ದಿನ ಸೇವೆಯಲ್ಲಿದ್ದು ವಿಳಂಬದ ಕಾರಣದಿಂದ ಅವಕಾಶ ತಪ್ಪಿದವರನ್ನು ಪರಿಗಣಿಸಬೇಕೆಂದು ಅಧ್ಯಾಪಕರ ಸಂಘ ಮನವಿ ಸಲ್ಲಿಸಿದೆ. ಅದರಿಂದ ಏನೂ ಆಗದೆಂದು ಅವರೇ ಹೇಳುತ್ತಾರೆ, ನಿಯಮವನ್ನು ಅವರು ನಮ್ಮೆಲ್ಲರಿಗಿಂತ ಚೆನ್ನಾಗಿ ಓದಿದ್ದಾರೆ. ಸಸ್ಯಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರು ಈ ವರ್ಷ ಪ್ರಾಧ್ಯಾಪಕ ಹುದ್ದೆಗೆ ಅರ್ಹರಾಗಿದ್ದು, ಅವರ ನಿವೃತ್ತಿಗೂ ಹೆಚ್ಚು ಸಮಯವಿಲ್ಲ. ಅವರ ಅರ್ಜಿಯ ಪ್ರತಿಯೊಂದು ಲೇಖನಕ್ಕೂ ಪರಿಶೀಲನಾ ಪದ್ಧತಿಯ ದೃಢೀಕರಣ ಪತ್ರವನ್ನು ಮೊದಲೇ ಲಗತ್ತಿಸಿ, ಕಡತವನ್ನು ಪುಟ ಪುಟವಾಗಿ ನೋಡಿ ಕಳಿಸಿದವರು ಚರಿತ್ರೆಯ ಆ ನಿವೃತ್ತ ಅಧ್ಯಾಪಕರೇ; ಆಯ್ಕೆ ಸಮಿತಿಯನ್ನು ಇಂಥ ತಿಂಗಳೊಳಗೆ ಕರೆಯಬೇಕೆಂದು ನಿವೃತ್ತಿಯ ದಿನಾಂಕ ನಮೂದಿಸಿ ಬರೆದ ಮುಖಪತ್ರದ ಕರಡೂ ಅವರದೇ.